ಕಾಲಿಲ್ಲದ ಅಲೆಮಾರಿ

ಮನಸ್ಸು ನಿಲ್ಲದವರನ್ನು ಚಿಟ್ಟೆ ಎನ್ನುವುದು, ನೆಲೆಯೂರಿದವರಿಗೆ ಗಿಡದ ಗೌರವ ಕೊಡುವುದು ನಮ್ಮ ಹಳೆಯ ಚಾಳಿ. ಈ ತೀರ್ಪು ಬರೆದವರು ಯಾರೋ, ಲೊಕ್ಕನಹಳ್ಳಿಯ ಕಡೆ ತಲೆ ಹಾಕಿದವರಂತೂ ಅಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ನಡುವಿನ ಈ ಸೀಮೆಯಲ್ಲಿ ಕಾಡಂಚಿಗೆ ಕಾಲಿಟ್ಟರೆ ಮೊದಲು ಮೈ ಗೀರಿ ಮಾತಾಡಿಸುವುದು ಲಂಟಾನ. ಹುಟ್ಟೂರು ಅಮೆರಿಕದ ಉಷ್ಣವಲಯ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಂದ ಬೇಲಿಯಾಯಿತು, ಬೇಲಿ ಕಾಡು ನುಂಗಿತು. ಕಾಲಿಲ್ಲ, ರೆಕ್ಕೆಯಿಲ್ಲ, ಟಿಕೆಟ್ಟೂ ಇಲ್ಲ. ಹಣ್ಣು ತಿಂದ ಪಿಕಳಾರದ ಹೊಟ್ಟೆಯಲ್ಲೇ ಬೀಜದ ಪ್ರಯಾಣ. ತೋಟಗಾರರು ತಳಿ ಬೆರೆಸಿ ಬೆರೆಸಿ ಇದರ ಕುಲಗೋತ್ರವನ್ನೂ ಕಲಸಿಟ್ಟಿದ್ದಾರೆ.

ಇನ್ನು ಚಂಚಲೆ ಎನಿಸಿಕೊಂಡ ನೀಲಿ ಹುಲಿ ಚಿಟ್ಟೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿ ಕಾಡಿನಲ್ಲಿ ಜೀಪು ಹತ್ತದೆಯೂ ಕಣ್ಣಿಗೆ ಬೀಳುವ ಹುಲಿ ಇದೊಂದೇ. ಮುಂಗಾರಿಗೆ ಮುನ್ನ ಈ ಬಳಗ ಪಶ್ಚಿಮ ಘಟ್ಟದಿಂದ ಮೂಡಲ ಸೀಮೆಗೆ ಹೊರಡುತ್ತದೆ, ಮಳೆಗಾಲ ಕಳೆದ ಮೇಲೆ ಪಡುವಲಿಗೆ ಹಿಂದಿರುಗುತ್ತದೆ. ಇದನ್ನು ಅಲೆದಾಟ ಎಂದರೆ ನಮ್ಮ ಬಸ್ಸುಗಳ ವೇಳಾಪಟ್ಟಿಗೆ ಯಾವ ಹೆಸರಿಡೋಣ? ಮೊಟ್ಟೆಯಿಡುವಾಗಂತೂ ಇದರ ಮಡಿ ಹೇಳತೀರದು. ಹೆಣ್ಣು ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಹಾಲು ಒಸರುವ ಕೆಲವೇ ಬಳ್ಳಿಗಳು ಪಾಸಾಗುತ್ತವೆ.

ಆದರೆ ಈ ಚಿಟ್ಟೆ ಲಂಟಾನದ ಮನೆಯಲ್ಲೇ ಉಣ್ಣುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಉಣ್ಣುತ್ತದೆ, ಅದೂ ನೋಡಿಕೊಂಡು. ಗೊಂಚಲಿನ ನಡುವೆ ಹಳದಿಯ ಹೊಸ ಹೂಗಳು, ಅಂಚಿನಲ್ಲಿ ಗುಲಾಬಿಗೆ ತಿರುಗಿದ ಹಳೆಯವು. ಮಕರಂದ ಹೆಚ್ಚಿರುವ ಹಳದಿಗೇ ಚಿಟ್ಟೆಯ ಸೊಂಡಿಲು ಇಳಿಯುವುದು. ಹೋಟೆಲಿನಲ್ಲಿ ಉಂಡವರೆಲ್ಲ ಅಲ್ಲೇ ಸಂಸಾರ ಹೂಡುತ್ತಾರೆಯೇ? ಲಂಟಾನದ ಎಲೆಯ ಮೇಲೆ ಹುಟ್ಟಿದ ನೀಲಿ ಹುಲಿಯ ಮರಿಗೆ ಏಕಾದಶಿಯೇ ಗತಿ. ಹೊರಗಿನದೆಂದು ಗಿಡವನ್ನು ಬೈಯುವುದು ತರವೇ, ಮೆಣಸಿನಕಾಯಿ, ಮುಸುಕಿನ ಜೋಳ, ಮಹದೇಶ್ವರ ಬೆಟ್ಟದ ಮಾದಪ್ಪನಿಗೆ ಏರುವ ಚೆಂಡುಹೂವೂ ಅಮೆರಿಕದ ಕಡೆಯವೇ ಅಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ನನ್ನ ತಕರಾರು ಊರಿನದಲ್ಲ, ನಡತೆಯದು: ಚೆಂಡುಹೂ ಸಾಲು ಬಿಟ್ಟು ಕದಲುವುದಿಲ್ಲ; ಲಂಟಾನ ಹುಲ್ಲಿಗೂ ನೆಲ್ಲಿಯ ಸಸಿಗೂ ಬಿಸಿಲು ಬಿಡುವುದಿಲ್ಲ, ಮೇಯಲು ಹೋದ ದನಕ್ಕೆ ವಿಷ. ಇಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರು ಅದರಿಂದ ಕುರ್ಚಿ ಮಾಡಿ ಬದುಕುತ್ತಿದ್ದಾರಲ್ಲ ಎಂಬುದು ಕೊನೆಯ ವಾದ. ನಿಜ, ಮಹದೇಶ್ವರ ಬೆಟ್ಟದ ಕಡೆ ಮಾಡುತ್ತಾರೆ. ಕಡ್ಡಿ ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಮೊಳೆ ಹೊಡೆದ ಮೇಲೆ ಆ ಗಿಡ ಒಂದು ಕಡೆ ನೆಟ್ಟಗೆ ಕೂರುತ್ತದೆ.