ತಮ್ಮನ ಆಲ್ಬಂಗೆ ಕಾದವರು

ಇಂಗ್ಲೆಂಡಿನ ‘ಓಯಸಿಸ್’ ಬ್ಯಾಂಡಿನ ಮುಖ್ಯ ಗಾಯಕ ಲಿಯಮ್ ಗ್ಯಾಲಗರ್‌ನ ಮೊದಲ ಸೋಲೋ ಆಲ್ಬಂ ‘ಆ್ಯಸ್ ಯೂ ವರ್’ಗಾಗಿ ಅಭಿಮಾನಿಗಳು ಎಂಟು ವರ್ಷ ಕಾಯಬೇಕಾಯಿತು. 2009ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲೇ ಅಣ್ಣ ನೋಯಲ್‌ಗೂ ತಮ್ಮನಿಗೂ ಜಟಾಪಟಿಯಾಗಿ ಗಿಟಾರೂ ಮುರಿಯಿತು, ಬ್ಯಾಂಡೂ ಮುರಿಯಿತು. ಹಿಸ್ಸೆಯಲ್ಲಿ ಅಣ್ಣನಿಗೆ ಹಾಡು ಕಟ್ಟುವ ಕೈ ಬಂತು, ತಮ್ಮನಿಗೆ ಗಂಟಲು ಉಳಿಯಿತು.

ಅಣ್ಣ 2011ರಲ್ಲೇ ಸ್ವಂತ ಆಲ್ಬಂ ತಂದ. ತಮ್ಮ ಮಿಕ್ಕವರನ್ನು ಸೇರಿಸಿಕೊಂಡು ಕಟ್ಟಿದ ‘ಬೀಡಿ ಐ’ ಬ್ಯಾಂಡ್ 2014ರಲ್ಲಿ ಬಾಗಿಲು ಹಾಕಿತು. ಸೋಲೋ ಆಲ್ಬಂ ಯಾವಾಗ ಎಂದವರಿಗೆ ಲಿಯಮ್ 2016ರ ಜನವರಿಯಲ್ಲಿ ಟ್ವಿಟರಿನಲ್ಲೇ ಸಹಸ್ರನಾಮ ಮಾಡಿದ. ಅದೇ ವರ್ಷ ವಾರ್ನರ್ ಕಂಪನಿಯ ಕರಾರಿಗೆ ಸಹಿಯನ್ನೂ ಹಾಕಿದ. ಈ ನಡುವೆ ಅಣ್ಣನ ಫೋಟೋ ಹಾಕಿ ಕೆಳಗೆ ‘ಆಲೂಗಡ್ಡೆ’ ಎಂದು ಬರೆದು ಅಭಿಮಾನಿಗಳ ಬೇಸರ ಕಳೆದ.

ಕಾಯುವವರಿಗೆ ಕೆಲಸವೇನು ಕಮ್ಮಿಯೇ? ಹಾಡು ಬರೆದವರಾರು ಎಂಬ ತನಿಖೆ ಒಂದು ಕಡೆ. ಗಾಯಕಿ ಅಡೆಲ್‌ಗೆ ‘ಹಲೋ’ ಹಾಡು ಮಾಡಿಕೊಟ್ಟ ನಿರ್ಮಾಪಕ ಗ್ರೆಗ್ ಕರ್ಸ್ಟಿನ್ ಕೈಗೆ ಸಿಕ್ಕರೆ ಕಂಠದ ಖಾರ ಉಳಿದೀತೇ ಎಂಬ ಚಿಂತೆ ಇನ್ನೊಂದು ಕಡೆ. 2017ರ ಮೇ ತಿಂಗಳ ಕೊನೆಯಲ್ಲಿ ಆಲ್ಬಂನ ಮೊದಲ ಹಾಡು ‘ವಾಲ್ ಆಫ್ ಗ್ಲಾಸ್’ ಹೊರಬಂದು ಖಾರಕ್ಕೇನೂ ಕೊರತೆಯಿಲ್ಲವೆಂದು ತೋರಿಸಿತು.

ಅಕ್ಟೋಬರ್ 6ರಂದು ಆಲ್ಬಂ ಬಂತು. ಮೊದಲ ವಾರವೇ ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆದರೆ ಅಭಿಮಾನಿಗಳಿಗೆ ಅಷ್ಟಕ್ಕೇ ತೃಪ್ತಿಯಿಲ್ಲ: ಮರುದಿನದಿಂದಲೇ ಅಣ್ಣತಮ್ಮಂದಿರು ಒಂದಾಗಲೆಂದು ಕಾಯತೊಡಗಿದರು. ಅದಕ್ಕೆ 2025ರ ಜುಲೈವರೆಗೆ, ಅಂದರೆ ಮತ್ತೆ ಸುಮಾರು ಎಂಟು ವರ್ಷ, ಹಿಡಿಯಿತು.