ಹಾಸಿಗೆ ಹಿಡಿದ ವೀರ

ವಾಲ್ಟರ್ ಸ್ಕಾಟ್ 1819ರ ಕೊನೆಗೆ ಹೊರತಂದ ‘ಐವನ್‌ಹೋ’ ಸಾಹಸ ಕಾದಂಬರಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಸಾಹಸ ಯಾರದ್ದು ಎಂದು ಮಾತ್ರ ಕೇಳಬಾರದು.

ಕಥಾನಾಯಕ ಐವನ್‌ಹೋ ಆಶ್‌ಬಿಯ ಪಂದ್ಯದ ಮೊದಲ ದಿನ ಎದುರಾದ ಐವರನ್ನೂ ಸೋಲಿಸುತ್ತಾನೆ, ನಿಜ. ಮರುದಿನ ಮೂವರು ಮುತ್ತಿಕೊಂಡಾಗ ಕಪ್ಪು ಕವಚದವನೊಬ್ಬ ಬಂದು ಕಾಪಾಡಬೇಕಾಗುತ್ತದೆ. ಚೆಲುವೆ ರೊವೀನಾ ಕಿರೀಟ ತೊಡಿಸಿದ್ದೇ ತಡ, ನಮ್ಮ ವೀರನಿಗೆ ಮೂರ್ಛೆ. ಆಮೇಲೆ ಪುಟಗಟ್ಟಲೆ ಡೋಲಿ, ಮುಲಾಮು, ಮಂಚ. ಟಾರ್ಕಿಲ್‌ಸ್ಟೋನ್ ಕೋಟೆಗೆ ಮುತ್ತಿಗೆ ಬೀಳುತ್ತದೆ, ಆತ ಮಲಗಿಯೇ ಇರುತ್ತಾನೆ. ಬಾಣ ತೂರಿಬರುವ ಕಿಟಕಿಯಲ್ಲಿ ಗುರಾಣಿ ಅಡ್ಡ ಹಿಡಿದು ನಿಂತು, ರೇಡಿಯೊದ ಕ್ರಿಕೆಟ್ ಕಾಮೆಂಟರಿಯಂತೆ ಕಾಳಗದ ವರದಿ ಒಪ್ಪಿಸುವವಳು ಯಹೂದಿ ಹುಡುಗಿ ರೆಬೆಕ್ಕಾ. ಗಾಯಕ್ಕೆ ಮದ್ದು ಹಾಕಿದವಳೂ ಅವಳೇ. ಇಷ್ಟಾದ ಮೇಲೆ ಈ ಮಹಾಶಯ ಮಂಚದಿಂದಲೇ ಅವಳಿಗೆ ಶೌರ್ಯದ ಪಾಠ ಹೇಳುತ್ತಾನೆ! ಕೋಟೆ ಹೊತ್ತಿ ಉರಿಯುವಾಗ ಇವನನ್ನು ಹೊತ್ತು ತರುವವನು ಮತ್ತೆ ಅದೇ ಕಪ್ಪು ಕವಚದವ.

ಆತನೇ ದೊರೆ ರಿಚರ್ಡ್, ಸಿಂಹಹೃದಯಿ. ಕಾದಂಬರಿಯಲ್ಲಿ ಪ್ರಜೆಗಳ ಕಣ್ಮಣಿ. ಇತಿಹಾಸದಲ್ಲಿ ಹತ್ತು ವರ್ಷದ ಆಳ್ವಿಕೆಯಲ್ಲಿ ಇಂಗ್ಲೆಂಡಿನಲ್ಲಿ ಕಳೆದದ್ದು ಸುಮಾರು ಆರು ತಿಂಗಳು. ಪರದೇಶದಲ್ಲಿ ಸೆರೆಸಿಕ್ಕಾಗ ಬಿಡುಗಡೆಗೆ ಗೊತ್ತಾದ ಹಣ 1,50,000 ಮಾರ್ಕ್. ಅದಕ್ಕಾಗಿ ಪ್ರಜೆಗಳ ಆದಾಯದಲ್ಲಿ ನಾಲ್ಕನೇ ಒಂದು ಪಾಲು ತೆರಿಗೆ. ಬೈಗುಳ ಮಾತ್ರ ತಮ್ಮ ಜಾನ್‌ನ ಪಾಲಿಗೆ. ಕಣ್ಣೆದುರು ಇದ್ದವನೇ ಕೆಟ್ಟವನಲ್ಲವೇ!

ಕಾದಂಬರಿಯಲ್ಲಿ ಸತ್ತ ಸ್ಯಾಕ್ಸನ್ ಕುಲೀನ ಆಥೆಲ್‌ಸ್ಟನ್ ಶವಪೆಟ್ಟಿಗೆಯಿಂದೆದ್ದು ತನ್ನ ತಿಥಿಯೂಟಕ್ಕೇ ಹಾಜರಾಗುವುದೂ ಉಂಟು. ಮುದ್ರಕ ಮಿತ್ರ ಗೋಗರೆದನಂತೆ, ಸ್ಕಾಟ್ ಬದುಕಿಸಿಬಿಟ್ಟ.

ರೆಬೆಕ್ಕಾಳ ಪರ ಗೋಗರೆಯಲು ಮುದ್ರಕರಿರಲಿಲ್ಲ. ಮಾಟಗಾತಿಯೆಂದು ಅವಳನ್ನು ಸುಡಲು ಹೊರಟಾಗ ಐವನ್‌ಹೋ ಬಳಲಿದ ಕುದುರೆಯೇರಿ ಅವಳ ಪರ ಕಾದಲು ಬಂದು, ಮೊದಲ ಹೊಡೆತಕ್ಕೇ ಕುದುರೆ ಸಮೇತ ಮಗುಚುತ್ತಾನೆ. ಅವನ ಈಟಿ ಎದುರಾಳಿಗೆ ತಾಗಿತೋ ಇಲ್ಲವೋ ಎನ್ನುವಷ್ಟು. ಆದರೂ ಎದುರಾಳಿ ತನ್ನ ಮನಸ್ಸಿನ ತಳಮಳಕ್ಕೇ ಸಾಯುತ್ತಾನೆ. ಗೆಲುವು ಯಾರ ಲೆಕ್ಕಕ್ಕೆಂದು ಹೇಳಬೇಕಿಲ್ಲ. ಬಹುಮಾನ ರೊವೀನಾ. ರೆಬೆಕ್ಕಾ ಆಕೆಗೆ ಒಡವೆಪೆಟ್ಟಿಗೆ ಕೊಟ್ಟು, ತಂದೆಯೊಂದಿಗೆ ಗ್ರನಾಡಾದ ದೊರೆ ಬೊಅಬ್ದಿಲನ ಆಶ್ರಯಕ್ಕೆ ಹೊರಡುತ್ತಾಳೆ. ಕಥೆ ನಡೆಯುವುದು 1194ರಲ್ಲಿ. ಬೊಅಬ್ದಿಲ್ ಪಟ್ಟವೇರಿದ್ದು 1482ರಲ್ಲಿ. ಇನ್ನೂರೆಂಬತ್ತೆಂಟು ವರ್ಷ ಕಾಯ್ದುಕೊಂಡರೆ ದರ್ಶನ ಖಾತ್ರಿ. ಆದರೆ ಕೆಲಸ ಬೇಗ ಮುಗಿಸಿಕೊಳ್ಳಬೇಕು: 1492ರಲ್ಲಿ ಅವನು ಊರು ಬಿಟ್ಟುಕೊಟ್ಟ, ಮತಾಂತರಕ್ಕೆ ಒಪ್ಪದ ಯಹೂದಿಗಳನ್ನು ಸ್ಪೇನ್ ಅದೇ ವರ್ಷ ಹೊರಗಟ್ಟಿತು.