ಟ್ಯಾಂಜಿಯರಿಗೆ ಬಂದು ಟ್ಯಾಂಜಿಯರ್ ಬಿಟ್ಟು

ಮೊರಾಕ್ಕೊದ ಬಡಗಣ ತುದಿಯಲ್ಲಿರುವ ಟ್ಯಾಂಜಿಯರಿನ ಹಣೆಬರಹವೇ ಹಾಗೆ. ಬಂದಿಳಿದ ಪ್ರವಾಸಿ ಸೂಟ್‌ಕೇಸು ಕೆಳಗಿಡುವ ಮೊದಲೇ ಕೇಳುತ್ತಾನೆ: "ಇಲ್ಲಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರುವಂಥ ಜಾಗ ಯಾವುದಿದೆ?" ಅಲ್ಲ ಸ್ವಾಮಿ, ಅಷ್ಟು ದೂರ ಹಾರಿ ಬಂದದ್ದು ಈ ಊರಿಗೇ ಅಲ್ಲವೇ ಎಂದು ಹೋಟೆಲಿನವನು ಕೇಳುವುದಿಲ್ಲ. ಅವನ ಭಾವಮೈದನದೋ ಷಡ್ಡಕನದೋ ಒಂದು ಕಾರು ಹೊರಗೆ ಕಾಯುತ್ತಿರುತ್ತದೆ.

ಊರಿಗೂ ಇದು ರೂಢಿಯಾಗಿದೆ ಅನ್ನಿ. ಅಲ್ಲಿ ಹುಟ್ಟಿದವರಲ್ಲೆಲ್ಲ ಹೆಸರುವಾಸಿಯಾದ ಇಬ್ನ್ ಬತೂತ 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಮೆಕ್ಕಾ ಯಾತ್ರೆಗೆಂದು ಹೊರಟವನು ಮರಳಿ ಬಂದದ್ದು 1349ರಲ್ಲಿ. ಅಷ್ಟರಲ್ಲಿ ತಾಯಿ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಬಂದವನಾದರೂ ಕೂತನೇ? ಮತ್ತೆ ಸ್ಪೇನಿಗೆ, ಮಾಲಿಗೆ! ಊರಿನವರು ಅವನ ಹೆಸರನ್ನು ವಿಮಾನ ನಿಲ್ದಾಣಕ್ಕೇ ಇಟ್ಟಿದ್ದಾರೆ. ಇದಕ್ಕಿಂತ ಒಪ್ಪುವ ಜಾಗ ಬೇರೆ ಸಿಕ್ಕೀತೇ?

ಈ ಮಹಾರಾಯ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಎಂದು ಲೆಕ್ಕ ಬರೆದಿಟ್ಟ. ಹೆಂಗಸರ ಮೂಗುತಿಯನ್ನೂ ಬಿಡದೆ ನೋಡಿದ. ಹೊಗಳಿದ್ದೆಲ್ಲ ಸರಿ, ಆದರೆ ಸುಲ್ತಾನನ ಆಶ್ರಯದಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನ ಉಂಡೆ ಎಂದು ಗೊಣಗಿಯೂ ಇದ್ದಾನೆ. ಮಾಲ್ಡೀವ್ಸ್, ಸಿಂಹಳಗಳಲ್ಲೂ ಅದೇ ಕತೆಯಾಗಿ, ಕೊನೆಗೆ ನೀರು ಕುಡಿದು ಅನ್ನ ನುಂಗುವ ಸ್ಥಿತಿ ಬಂತಂತೆ. ಈಗ ನಮ್ಮವರು ಅವನ ಊರಿಗೆ ಹೋಗಿ, ದಿನಾ ಖೊಬ್ಜ್ ರೊಟ್ಟಿ ಕಂಡು ಮುಖ ಕಿವಿಚಿ, ಚಟ್ನಿಪುಡಿ ಡಬ್ಬಿ ಬಿಚ್ಚುತ್ತಾರಲ್ಲ, ಅದು ಹಳೇ ಬಾಕಿ ವಸೂಲಿ ಅಂತಲೇ ತಿಳಿಯಬೇಕು.

ಇರಲಿ. ಎಲ್ಲರೂ ಓಡುವುದು ನೀಲಿ ಊರಾದ ಶೆಫ್‌ಶಾವನ್‌ಗೆ. ನೂರಹತ್ತು ಕಿಲೋಮೀಟರ್ ಆಸುಪಾಸು, ರಿಫ್ ಬೆಟ್ಟಗಳ ತಿರುವು ಹಾದಿ. ಹೋಗಲು ಎರಡು ಗಂಟೆಗೆ ಮೇಲೆ, ಬರಲು ಅಷ್ಟೇ. ಗ್ರಾಂಡ್ ಟ್ಯಾಕ್ಸಿ ಹಿಡಿದರೆ ಆರು ಜನ ತುಂಬುವವರೆಗೆ ಅದು ಕದಲುವುದಿಲ್ಲ. ಹೆಸರಿನಲ್ಲಿರುವ ಗ್ರಾಂಡ್ ಅನ್ನು ನಂಬಿ ಕಾಲು ಚಾಚಿ ಕೂತೀರಿ, ಜೋಕೆ! ಊರಿಗೆ ನೀಲಿ ಏಕೆ ಬಳಿದರೆಂದು ಕೇಳಿದರೆ ಒಬ್ಬ ಸೊಳ್ಳೆ ಓಡಿಸಲು ಅನ್ನುತ್ತಾನೆ, ಇನ್ನೊಬ್ಬ ಯಹೂದಿ ನಿರಾಶ್ರಿತರು ತಂದದ್ದು ಅನ್ನುತ್ತಾನೆ, ಮತ್ತೊಬ್ಬ ಆಕಾಶದತ್ತ ಕೈ ತೋರಿಸುತ್ತಾನೆ. ಪೋರ್ಚುಗೀಸರ ಕಾಟ ತಡೆಯಲು 1471ರಲ್ಲಿ ಕಟ್ಟಿದ ಕೋಟೆ ಊರಿದು. 1920ರಲ್ಲಿ ಸ್ಪೇನಿನ ಸೈನ್ಯ ನುಗ್ಗುವವರೆಗೆ ಯೂರೋಪಿನವರಿಗೆ ಒಳಗೆ ಜಾಗವಿರಲಿಲ್ಲ; ಶಾರ್ಲ್ ದ ಫೂಕೊ ಎಂಬ ಫ್ರೆಂಚ್ ಸಾಹಸಿ 1883ರಲ್ಲಿ ಯಹೂದಿ ವೇಷ ತೊಟ್ಟು ನುಸುಳಿದ್ದ. ಈಗ ಯಾವ ವೇಷವೂ ಬೇಡ. ಬಾಗಿಲ ಮುಂದೆ ಹೂಕುಂಡ, ಕುರ್ಚಿ ಸಜ್ಜುಮಾಡಿ ಫೋಟೊಗೆ ಇಷ್ಟು ದಿರ್ಹಮ್ ಎಂದು ಕೈಚಾಚುವವರೂ ಇದ್ದಾರೆ. ಹದಿನೈದು ಬಾಗಿಲ ಮುಂದೆ ನಿಂತು, ಹದಿನಾರನೆಯದು ಹುಡುಕುವಷ್ಟರಲ್ಲಿ ವ್ಯಾನಿನವನು ಹಾರ್ನ್ ಒತ್ತುತ್ತಾನೆ. ಸಂಜೆ ಬಿಸಿಲು ಇಳಿದು ಜನ ಕರಗಿದ ಮೇಲೆ ಆ ಊರು ಚೆಂದ. ಆ ಹೊತ್ತಿಗೆ ನಮ್ಮವರು ವಾಪಸು ಹಾದಿಯ ಟೆಟುವಾನ್ ದಾಟಿರುತ್ತಾರೆ.

ಇನ್ನು ಕೇಪ್ ಸ್ಪಾರ್ಟೆಲ್. ಊರಿಂದ ಹದಿನಾಲ್ಕು ಕಿಲೋಮೀಟರ್, 1864ರ ದೀಪಸ್ತಂಭ. ಅಟ್ಲಾಂಟಿಕ್ಕೂ ಮೆಡಿಟರೇನಿಯನ್ನೂ ಕೂಡುವ ಜಾಗ ಎಂದು ಹೇಳಿ ನಿಲ್ಲಿಸುತ್ತಾರೆ. ಎಲ್ಲರೂ ಹಣೆಗೆ ಕೈ ಅಡ್ಡಹಿಡಿದು ನೀರಿನಲ್ಲಿ ಗೆರೆ ಹುಡುಕುತ್ತಾರೆ. ಕೆಲವರಿಗೆ ಅದು ಕಾಣಿಸಿಯೂ ಬಿಡುತ್ತದೆ! ಪಕ್ಕದ ಹರ್ಕ್ಯುಲಿಸ್ ಗುಹೆಯ ಕಂಡಿ ಆಫ್ರಿಕಾದ ನಕ್ಷೆಯ ಹಾಗಿದೆ ಎಂಬುದೂ ನಿಜ, ಎಡಬಲ ತಿರುಗಿಸಿಕೊಂಡರೆ. ಗುಹೆಯ ಗೋಡೆಯ ಗುಂಡು ಗುರುತುಗಳು ಮಾತ್ರ ಹರ್ಕ್ಯುಲಿಸನವಲ್ಲ, ಬೀಸುವ ಕಲ್ಲಿಗಾಗಿ ಬಂಡೆ ಕಡಿದವರವು. ನನಗೆ ಆ ಅನಾಮಿಕರ ಮೇಲೆಯೇ ಗೌರವ ಜಾಸ್ತಿ.

ಅವಸರದವರಿಗೆ 2018ರಿಂದ ಅಲ್ ಬೊರಾಕ್ ರೈಲಿದೆ. ಗಂಟೆಗೆ 320 ಕಿಲೋಮೀಟರ್ ವೇಗ, ಕಾಸಾಬ್ಲಾಂಕಾ ಎರಡು ಗಂಟೆ ಹತ್ತು ನಿಮಿಷ. ಅಷ್ಟು ಬೇಗ ಹೋಗಿ ಅಲ್ಲಿ ಮಾಡುವುದೇನು ಎಂಬುದು ಬೇರೆ ಮಾತು.

ನನ್ನ ಓಟು ಅಸೀಲಾಗೆ. ಮಾಮೂಲಿ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ, ಪೋರ್ಚುಗೀಸರ ಕಾಲದ ಕೋಟೆಗೋಡೆ, ಒಳಗೆ ಸುಣ್ಣ ಬಳಿದ ಓಣಿಗಳು. 1978ರಲ್ಲಿ ಶುರುವಾದ ಕಲಾ ಉತ್ಸವಕ್ಕೆ ಬಂದವರು ಗೋಡೆಗಳ ಮೇಲೆ ಚಿತ್ರ ಬರೆಯುವ ಪದ್ಧತಿ ಇದೆ. ಮೀನು ತಿನ್ನುವವರಿಗೆ ಹೊಟ್ಟೆಯ ಚಿಂತೆಯಿಲ್ಲ, ಸಸ್ಯಾಹಾರಿಗಳು ಡಬ್ಬಿ ಮರೆಯಬಾರದು. ಮಧ್ಯಾಹ್ನಕ್ಕೇ ಹಿಂದಿರುಗಬಹುದು, ಟ್ಯಾಂಜಿಯರನ್ನೂ ಒಮ್ಮೆ ನೋಡೋಣ ಎಂದು ಮನಸ್ಸಾದರೆ ಅದಕ್ಕೂ ಹೊತ್ತು ಉಳಿಯುತ್ತದೆ.

ಮುಂಬಯಿ ಕನ್ನಡಿಗರಂತೂ ನೋಡಲೇಬೇಕು. 1661ರ ಒಪ್ಪಂದದಂತೆ ಪೋರ್ಚುಗಲ್ ತನ್ನ ರಾಜಕುಮಾರಿ ಕ್ಯಾಥರೀನಳ ವರದಕ್ಷಿಣೆಯಾಗಿ ಇಂಗ್ಲೆಂಡಿಗೆ ಕೊಟ್ಟದ್ದರಲ್ಲಿ ಎರಡು ಊರುಗಳಿದ್ದವು: ಬೊಂಬಾಯಿ ಮತ್ತು ಟ್ಯಾಂಜಿಯರ್. ಟ್ಯಾಂಜಿಯರಿನ ಖರ್ಚು ತಾಳಲಾರದೆ ಇಂಗ್ಲಿಷರು 1684ರಲ್ಲಿ ತಾವೇ ಕಟ್ಟಿದ ಬಂದರು ಒಡೆದು ಹೊರಟುಹೋದರು. ಬೊಂಬಾಯಿಯನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಸಂಜೆ 1921ರಿಂದ ನಡೆಯುತ್ತಿರುವ ಕೆಫೆ ಹಾಫಾದ ಮೆಟ್ಟಿಲಲ್ಲಿ ಪುದೀನಾ ಚಹಾ ಹಿಡಿದು ಕೂತರೆ, ದಿನ ತಿಳಿಯಾಗಿದ್ದರೆ, ಎದುರಿಗೇ ಸ್ಪೇನ್.

ಕಂಡಿತಲ್ಲ ಎಂದು ಮರುದಿನ ಬೆಳಿಗ್ಗೆ ಸ್ಪೇನಿನ ತರೀಫಾಗೆ ಹೋಗುವ ದೋಣಿಗೆ ಓಡಬೇಡಿ. ದಾರಿ ಒಂದೇ ಗಂಟೆಯದು, ಆದರೆ ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು. ಜೊತೆಗೆ ಮೊರಾಕ್ಕೊ ವೀಸಾ ಎರಡನೇ ಸಲ ಒಳಗೆ ಬಿಡುವಂಥದ್ದೋ ಅಲ್ಲವೋ ಎಂದು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.